ಪಂಪು ಬಿಚ್ಚೋಕೆ ಮುಂಚೆ ಸಾಲೆನಾಯ್ಡ್ ವೈರ್ ನೋಡಿ

ನಮ್ದು ಹಳೇ 12 ವೋಲ್ಟಿನ ಮಿನಿ ಲಾರಿ, ರೋಟರಿ ಡೀಸೆಲ್ ಪಂಪು. ಅರಬೈಲು ಘಟ್ಟದಲ್ಲಿ ಗುಂಡಿ ಹಾರಿದ್ರೆ ಸಾಕು ಇಂಜಿನ್ ಆಫ್, ಆಮೇಲೆ ಸೆಲ್ಫ್ ಹೊಡೆದ್ರೆ ತಿರುಗುತ್ತೆ ಆದ್ರೆ ಸ್ಟಾರ್ಟ್ ಆಗಲ್ಲ, ಸೈಲೆನ್ಸರಲ್ಲಿ ಹೊಗೇನೂ ಇಲ್ಲ. ಹೊಗೆ ಇಲ್ಲ ಅಂದ್ರೆ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ನಾಜಲ್‌ಗೆ ಡೀಸೆಲ್ಲೇ ಹೋಗ್ತಿಲ್ಲ. ಮೆಕ್ಯಾನಿಕ್ಕು ಪಂಪು ಬಿಚ್ಲೇಬೇಕು ಅಂದ, ತಡಿ ಮಾರಾಯ ಅಂದೆ.

ಈ ಪಂಪಲ್ಲಿ ಕೀ ಆನ್ ಮಾಡಿದಾಗ ಸಾಲೆನಾಯ್ಡು (ಕರೆಂಟ್ ಬಂದ್ರೆ ಅಯಸ್ಕಾಂತ ಆಗೋ ಕಾಯಿಲ್) ಪ್ಲಂಜರ್ ಅನ್ನೋ ಚಿಕ್ಕ ಕಡ್ಡಿ ಎಳ್ಕೊಂಡು ಡೀಸೆಲ್‌ಗೆ ದಾರಿ ಬಿಡುತ್ತೆ, ಕರೆಂಟ್ ಹೋದ್ರೆ ಸ್ಪ್ರಿಂಗ್ ತಳ್ಳಿ ಮುಚ್ಚುತ್ತೆ. ಕೀ ಆನ್ ಮಾಡಿ ಕಿವಿ ಕೊಟ್ರೆ ಟಿಕ್ ಸೌಂಡೇ ಇಲ್ಲ. ಬ್ಯಾಟರಿ ಪ್ಲಸ್ಸಿಂದ ಫ್ಯೂಸ್ ಹಾಕಿದ ವೈರ್ ಎಳೆದು ನೇರ ಸಾಲೆನಾಯ್ಡ್ ಟರ್ಮಿನಲ್‌ಗೆ ಕೊಟ್ಟಿದ್ದೇ ಟಿಕ್ ಅಂತು, ಇಂಜಿನ್ ಎದ್ದುಬಿಡ್ತು! ಪಂಪಿಗೆ ಏನೂ ಆಗಿರ್ಲಿಲ್ಲ. ಹಳೇ ವೈರ್ ನೋಡಿದ್ರೆ ರಬ್ಬರ್ ಕ್ಯಾಪ್ ಒಳಗೆ ಪೂರ್ತಿ ಹಸಿರು ಕಿಲುಬು, ಒಂದೆರಡು ಎಳೆ ಮಾತ್ರ ಅಂಟ್ಕೊಂಡಿತ್ತು. ಕಟ್ ಮಾಡಿ ವೈರ್ ತುದಿಗೆ ಹೊಸ ಲಗ್ (ನಟ್ ಕೆಳಗೆ ಕೂರೋ ಲೋಹದ ತುಂಡು) ಹಾಕಿ ನಟ್ ಟೈಟ್ ಮಾಡ್ದೆ, ಅಷ್ಟೇ.

ಸಾಲೆನಾಯ್ಡೇ ಸತ್ತಿದ್ರೆ ಸುತ್ತ ಮಣ್ಣು ಚೆನ್ನಾಗಿ ಒರೆಸಿ ಬಿಚ್ಚಿ, ಪ್ಲಂಜರ್ ಸ್ಪ್ರಿಂಗ್ ತೆಗೆದು ಬಾಡಿ ಮಾತ್ರ ವಾಪಸ್ ಹಾಕ್ಕೊಂಡು ಗ್ಯಾರೇಜ್ ತನಕ ಬರ್ಬಹುದು, ಆದ್ರೆ ಆಗ ಕೀ ಆಫ್ ಮಾಡಿದ್ರೂ ಇಂಜಿನ್ ನಿಲ್ಲಲ್ಲ, ಪಂಪಲ್ಲಿ ಕೈಲಿ ಎಳೆಯೋ ಸ್ಟಾಪ್ ಲಿವರ್ ಇದ್ಯಾ ಅಂತ ಮೊದ್ಲೇ ನೋಡ್ಕೊಳ್ಳಿ.