ಸ್ವಪಕ್ಷೀಯರ ಟೀಕೆಗೆ ಉತ್ತರ: ಅರ್ಕಾನ್ಸಾಸ್ ಗವರ್ನರ್ ಹಕಬಿ ಪರ ಕಡತ ಕಟ್ಟಿದ ಕ್ರಮ

ಮೈಕ್ ಹಕಬಿ 1996ರ ಜುಲೈಯಿಂದ 2007ರ ಜನವರಿವರೆಗೆ ಅರ್ಕಾನ್ಸಾಸ್ ರಾಜ್ಯದ ಗವರ್ನರ್ ಆಗಿದ್ದರು. ಅಮೆರಿಕದಲ್ಲಿ ಗವರ್ನರ್ ಎಂದರೆ ಬಜೆಟ್ ಮಂಡಿಸುವ, ಮಸೂದೆಗೆ ಸಹಿ ಹಾಕುವ, ನಮ್ಮ ಮುಖ್ಯಮಂತ್ರಿಯ ಜಾಗದವರು. 2007ರಲ್ಲಿ ಅವರು ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಟಿಕೆಟ್‌ಗೆ ಸ್ಪರ್ಧಿಸಿದಾಗ ದೊಡ್ಡ ಏಟುಗಳೆಲ್ಲ ಬಿದ್ದದ್ದು ಮನೆಯೊಳಗಿನಿಂದಲೇ. ತೆರಿಗೆ ಕಡಿತದ ಪರವಾಗಿರುವ ಕ್ಲಬ್ ಫಾರ್ ಗ್ರೋತ್ ಟಿವಿ ಜಾಹೀರಾತು ಬಿಟ್ಟಿತು. ಪ್ರತಿಸ್ಪರ್ಧಿ ಮಿಟ್ ರಾಮ್ನಿ ಐಯೋವಾ ರಾಜ್ಯದಲ್ಲಿ ಕ್ಷಮಾದಾನದ ಲೆಕ್ಕ ತೆಗೆದರು. ತೆರಿಗೆ ಏರಿಸಿದರು, ಖರ್ಚು ಹೆಚ್ಚಿಸಿದರು, ಕೈದಿಗಳನ್ನು ಬಿಟ್ಟರು, ಅಕ್ರಮ ವಲಸಿಗರ ವಿಷಯದಲ್ಲಿ ಮೆತ್ತಗಾದರು ಎಂಬ ನಾಲ್ಕು ಆರೋಪಗಳು ಬಂದವು. ಬೆಂಬಲಿಗರ ಕಡೆಯಿಂದ ಇವಕ್ಕೆ ನಾನು ಉತ್ತರದ ಕಡತ ಕಟ್ಟಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಎದುರು ಪಕ್ಷದವರು ಬೈದರೆ ಉತ್ತರ ಸುಲಭ: ಅವರ ಸಿದ್ಧಾಂತವೇ ಬೇರೆ ಎಂದರೆ ಸಾಕು. ಸ್ವಪಕ್ಷದವರು ಬೈದಾಗ ಅಳತೆಗೋಲು ಇಬ್ಬರದೂ ಒಂದೇ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಮತ ಹಾಕುವ ರಿಪಬ್ಲಿಕನ್ನನ ಮುಂದೆ "ತೆರಿಗೆ ಏರಿಸಿದ್ದು ಒಳ್ಳೆಯದಕ್ಕೇ" ಎಂದು ಬಾಯಿಬಿಟ್ಟರೆ ಅಲ್ಲಿಗೆ ಕಥೆ ಮುಗಿಯಿತು. ನಮ್ಮಲ್ಲಾದರೆ ಭಿನ್ನಮತವನ್ನು ಹೈಕಮಾಂಡ್ ಕರೆದು ಶಮನ ಮಾಡಬಹುದು. ಅಲ್ಲಿ ಹಾಗೆ ಕರೆದು ಗದರಿಸುವವರು ಯಾರೂ ಇಲ್ಲ, ತೀರ್ಪು ಕೊಡುವವನು ಮತದಾರ. ಹಾಗಾಗಿ ವಾದ ನಿಲ್ಲುವುದು ಒಂದೇ ಪ್ರಶ್ನೆಯ ಮೇಲೆ: ಯಾವ ನಿರ್ಧಾರ ನಿಜಕ್ಕೂ ಗವರ್ನರದ್ದು, ಯಾವುದು ಮತದಾರರದ್ದು, ಯಾವುದು ನ್ಯಾಯಾಲಯದ್ದು, ಯಾವುದು ಶಾಸಕಾಂಗದ್ದು?

ಮೊದಲ ಕೆಲಸ ಒಂದು ಉದ್ದನೆಯ ಪಟ್ಟಿ. ಐದು ಕಾಲಂ ಇದ್ದರೆ ಸಾಕು: ದಿನಾಂಕ, ಕಾನೂನು ಅಥವಾ ತೆರಿಗೆ, ಮೊತ್ತ, ನಿರ್ಧರಿಸಿದವರು ಯಾರು, ಗವರ್ನರ್ ಮಾಡಿದ್ದೇನು. ಕೊನೆಯ ಕಾಲಂನಲ್ಲೇ ಎಲ್ಲರೂ ಎಡವುವುದು. ತಾನೇ ಪ್ರಸ್ತಾಪಿಸಿದ್ದು, ಬಂದದ್ದಕ್ಕೆ ಸಹಿ ಹಾಕಿದ್ದು, ಸಹಿ ಹಾಕದೆ ಬಿಟ್ಟದ್ದು, ವೀಟೊ ಮಾಡಿದ್ದು, ಅಂದರೆ ತಿರಸ್ಕರಿಸಿ ವಾಪಸು ಕಳಿಸಿದ್ದು, ಇವೆಲ್ಲ ಬೇರೆ ಬೇರೆ. ಅರ್ಕಾನ್ಸಾಸ್‌ನಲ್ಲಿ ಅಧಿವೇಶನ ನಡೆಯುತ್ತಿರುವಾಗ ಗವರ್ನರ್ ಐದು ದಿನ ಸುಮ್ಮನಿದ್ದರೆ ಮಸೂದೆ ತಾನಾಗಿ ಕಾನೂನಾಗುತ್ತದೆ. 2004ರ ಆರಂಭದಲ್ಲಿ 350ಕ್ಕಿಂತ ಕಡಿಮೆ ಮಕ್ಕಳಿರುವ ಶಾಲಾ ಜಿಲ್ಲೆಗಳನ್ನು (ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕಗಳನ್ನು) ವಿಲೀನ ಮಾಡಿದ ಕಾನೂನು ಬಂದದ್ದು ಹೀಗೆಯೇ. ಹಕಬಿಗೆ ಬೇಕಿದ್ದದ್ದು ಇನ್ನೂ ದೊಡ್ಡ ವಿಲೀನ, ಆದ್ದರಿಂದ ಅವರು ಸಹಿ ಹಾಕಲಿಲ್ಲ. ಇಂಥದ್ದನ್ನು "ಹಕಬಿ ಸಹಿ ಮಾಡಿದ ಕಾನೂನು" ಎಂದು ಟೀಕಾಕಾರರು ಬರೆದರೆ ಒಂದೇ ಸಾಲಿನಲ್ಲಿ ತಿದ್ದಬಹುದು. ಅದೇ ತಪ್ಪನ್ನು ನಮ್ಮ ಕಡೆಯವರು ಮಾಡಿದರೆ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

ಈಗ ಮಾರಾಟ ತೆರಿಗೆ. ಜಗಳವೆಲ್ಲ ಇದರ ಸುತ್ತಲೇ. ಹಕಬಿ ಬಂದಾಗ ರಾಜ್ಯದ ದರ 4.5% ಇತ್ತು, ಹೋಗುವಾಗ 6% ಆಗಿತ್ತು. ಸಾವಿರ ಡಾಲರ್ ಸಾಮಾನಿಗೆ 45 ಡಾಲರ್ ಇದ್ದದ್ದು 60 ಆಯಿತು. ಈ ಏರಿಕೆ ಇಲ್ಲವೆನ್ನಲು ಸಾಧ್ಯವಿಲ್ಲ, ಇಲ್ಲವೆನ್ನಲೂ ಬಾರದು. ಆದರೆ ಡಾಲರಿಗೆ ಆ ಒಂದೂವರೆ ಸೆಂಟ್, ಅಂದರೆ 1.5%, ಒಂದೇ ಸಲ ಬಂದದ್ದಲ್ಲ, ಮೂರು ತುಂಡಾಗಿ ಬಂದದ್ದು.

ಮೊದಲ ತುಂಡು ಸೆಂಟಿನ ಎಂಟನೇ ಒಂದು ಭಾಗ, ಅಂದರೆ 0.125. ಉದ್ಯಾನ ಮತ್ತು ವನ್ಯಜೀವಿ ಸಂರಕ್ಷಣೆಗಾಗಿ 1996ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ, ರಾಜ್ಯ ಸಂವಿಧಾನದ 75ನೇ ತಿದ್ದುಪಡಿ ಅದು. ಎರಡನೆಯದು ಅರ್ಧ ಸೆಂಟ್, ಮನೆ ತೆರಿಗೆಯಲ್ಲಿ ಕೊಟ್ಟ ರಿಯಾಯಿತಿಯ ಖೋತಾ ತುಂಬಲು. ವಾಸದ ಮನೆಗೆ ವರ್ಷಕ್ಕೆ 300 ಡಾಲರ್ ಬಿಡುವ ಆ ರಿಯಾಯಿತಿಯನ್ನು 2000ರ ನವೆಂಬರ್‌ನಲ್ಲಿ 79ನೇ ತಿದ್ದುಪಡಿಯಾಗಿ ಮತದಾರರು ಒಪ್ಪಿದರು. ಮೂರನೆಯದು ಸೆಂಟಿನ ಎಂಟನೇ ಏಳು ಭಾಗ, 0.875. ಅದು ಶಾಲೆಗಳಿಗೆ, 2004ರ ಮಾರ್ಚ್‌ನಿಂದ. ಕೂಡಿ ನೋಡಿ: 4.5, 4.625, 5.125, 6. ಕಡತದಲ್ಲಿ ಈ ನಾಲ್ಕು ಅಂಕಿಗಳನ್ನು ಸಾಲಾಗಿ ಬರೆದು, ಪ್ರತಿ ಜಿಗಿತದ ಪಕ್ಕದಲ್ಲಿ ಕಾರಣ ಬರೆದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಅಂಗಡಿ ಬಿಲ್ಲಿನಲ್ಲಿ ಕಾಣುವ ದರ ಇದಕ್ಕಿಂತ ಹೆಚ್ಚಿರುತ್ತದೆ, ಏಕೆಂದರೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮತ್ತು ನಗರದ ತೆರಿಗೆ ಅದರ ಮೇಲೆ ಸೇರಿರುತ್ತದೆ. ಯಾರಾದರೂ ಬಿಲ್ ಹಿಡಿದು ತೋರಿಸಿದರೆ ಮೊದಲು ಅದನ್ನು ಬಿಡಿಸಬೇಕು.

ಇಲ್ಲಿ ಮೂರು ಗುಂಡಿಗಳಿವೆ. ಎಂಟನೇ ಒಂದು ಸೆಂಟಿನ ವಿಷಯದಲ್ಲಿ "ಅದು ಜನ ಮಾಡಿದ್ದು, ಇವರದ್ದಲ್ಲ" ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಹಕಬಿ ಸ್ವತಃ ಅರ್ಕಾನ್ಸಾಸ್ ನದಿಯಲ್ಲಿ ದೋಣಿ ಹತ್ತಿ ಅದರ ಪರ ಪ್ರಚಾರ ಮಾಡಿದ್ದರು. "ಜನರ ಮುಂದಿಟ್ಟರು, ಜನ ಒಪ್ಪಿದರು" ಎಂಬಷ್ಟೇ ಸರಿ. ಅರ್ಧ ಸೆಂಟಿನ ವಿಷಯದಲ್ಲಿ ಟೀಕಾಕಾರರು ಮಾರಾಟ ತೆರಿಗೆಯನ್ನು ಮಾತ್ರ ಎಣಿಸುತ್ತಾರೆ, ಬೆಂಬಲಿಗರು ಮನೆ ತೆರಿಗೆಯ ರಿಯಾಯಿತಿಯನ್ನು ಮಾತ್ರ ಎಣಿಸುತ್ತಾರೆ. ಎರಡನ್ನೂ ಒಂದೇ ಸಾಲಿನಲ್ಲಿಟ್ಟು "ಅದಲು ಬದಲು" ಎಂದು ಬರೆಯಬೇಕು.

ಮೂರನೆಯ ಗುಂಡಿ ಶಾಲೆಗಳ ತುಂಡಿನಲ್ಲಿದೆ. ಲೇಕ್ ವ್ಯೂ ಎಂಬ ಸಣ್ಣ, ಬಡ ಶಾಲಾ ಜಿಲ್ಲೆ 1992ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 2002ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು: ಶಾಲೆಗಳಿಗೆ ಹಣ ಹಂಚುವ ವ್ಯವಸ್ಥೆ ಸಂವಿಧಾನಬದ್ಧವಲ್ಲ, 2004ರ ಜನವರಿ 1ರೊಳಗೆ ಸರಿಪಡಿಸಿ. ಇದು ಗಟ್ಟಿ ರಕ್ಷಣೆ. ಆದರೆ ಕೋರ್ಟ್ ಹೇಳಿದ್ದು ಹಣ ಸಾಲದು, ಹಂಚಿಕೆ ಸಮವಲ್ಲ ಎಂದು. ಮಾರಾಟ ತೆರಿಗೆಯನ್ನೇ ಏರಿಸಿ ಎಂದು ಅದು ಹೇಳಲಿಲ್ಲ. "ಬೇರೆ ಖರ್ಚು ಕಡಿದು ಕೊಡಬಹುದಿತ್ತಲ್ಲ" ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ರಾಜ್ಯದ ಸಾಮಾನ್ಯ ಆದಾಯದಲ್ಲಿ ಶಾಲೆಗಳ ಪಾಲು ಎಷ್ಟು, ಉಳಿದದ್ದರಲ್ಲಿ ಜೈಲು, ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್, ಕಾಲೇಜುಗಳಿಗೆ ಹೋಗುವುದೆಷ್ಟು ಎಂಬ ಪುಟ ಮೊದಲೇ ಸಿದ್ಧವಿರಬೇಕು.

ಮಾರಾಟ ತೆರಿಗೆಯನ್ನೇ ಏಕೆ ಮುಟ್ಟಿದರು ಎಂಬುದಕ್ಕೆ ಉತ್ತರ 1934ರ 19ನೇ ತಿದ್ದುಪಡಿಯಲ್ಲಿದೆ. ಆಗ ಜಾರಿಯಲ್ಲಿದ್ದ ತೆರಿಗೆಗಳ ದರ ಏರಿಸಲು ಎರಡೂ ಸದನಗಳಲ್ಲಿ ಮುಕ್ಕಾಲು ಪಾಲು ಮತ ಬೇಕು: ನೂರರ ಕೆಳಮನೆಯಲ್ಲಿ 75, ಮೂವತ್ತೈದರ ಸೆನೆಟ್‌ನಲ್ಲಿ 27. ವರಮಾನ ತೆರಿಗೆ ಇದರಡಿ ಬರುತ್ತದೆ. ಮಾರಾಟ ತೆರಿಗೆ ಬಂದದ್ದು ಆಮೇಲೆ, ಅದಕ್ಕೆ ಸರಳ ಬಹುಮತ ಸಾಕು. ಹೀಗಾಗಿ ಆ ರಾಜ್ಯದಲ್ಲಿ ಯಾರು ಗವರ್ನರ್ ಆದರೂ ಹಣ ಬೇಕಾದಾಗ ಕೈ ಹೋಗುವುದು ಮಾರಾಟ ತೆರಿಗೆಗೇ.

ಇನ್ನು ಹಕಬಿ ಕಡೆಯವರೇ ತೋಡಿಕೊಂಡ ಹೊಂಡ, ಪೆಟ್ರೋಲ್ ತೆರಿಗೆ. 1999ರಲ್ಲಿ ಗ್ಯಾಲನ್‌ಗೆ ಪೆಟ್ರೋಲ್ ಮೇಲೆ 3 ಸೆಂಟ್, ಡೀಸೆಲ್ ಮೇಲೆ 4 ಸೆಂಟ್ ಏರಿತು. "80% ಜನ ಮತ ಹಾಕಿ ಒಪ್ಪಿದ್ದು" ಎಂದು ಪ್ರಚಾರದಲ್ಲಿ ಹೇಳಲಾಯಿತು. ದಾಖಲೆ ತೆರೆದರೆ ಶಾಸಕಾಂಗ ಇಂಧನ ತೆರಿಗೆ ಪಾಸು ಮಾಡಿ ಗವರ್ನರ್ ಸಹಿ ಮಾಡಿದ್ದು ಮೊದಲು. ಅದೇ ವರ್ಷದ ಜೂನ್‌ನಲ್ಲಿ ಜನ ಒಪ್ಪಿದ್ದು ಹೆದ್ದಾರಿ ದುರಸ್ತಿಗೆ ಬಾಂಡ್ ಮೂಲಕ ಸಾಲ ಎತ್ತುವುದನ್ನು. ತೆರಿಗೆ ಬೇಕೋ ಬೇಡವೋ ಎಂಬ ಪ್ರಶ್ನೆ ಮತಪತ್ರದಲ್ಲಿ ಇರಲೇ ಇಲ್ಲ. ಸತ್ಯಾಂಶ ಪರಿಶೀಲನೆ ಮಾಡುವವರು ಇದನ್ನು ಹಿಡಿದರು, ಸರಿಯಾಗಿಯೇ ಹಿಡಿದರು. "ಜನರು ಒಪ್ಪಿದ್ದು" ಎಂಬ ಮಾತು ಬರೆಯುವ ಮುನ್ನ ಮತಪತ್ರದ ಮೂಲ ಒಕ್ಕಣೆಯನ್ನೇ ಓದಬೇಕು. ರಾಜ್ಯ ಕಾರ್ಯದರ್ಶಿ ಕಚೇರಿಯಲ್ಲಿ ಅದು ಸಿಗುತ್ತದೆ, ಪತ್ರಿಕೆಯ ಶೀರ್ಷಿಕೆ ನಂಬುವಂತಿಲ್ಲ. ಇಂಧನ ತೆರಿಗೆಗೆ ನೇರ ಉತ್ತರವೇ ವಾಸಿ: ರಸ್ತೆಗಳು ಕೆಟ್ಟಿದ್ದವು, ರಸ್ತೆ ಬಳಸುವವರಿಂದಲೇ ವಸೂಲಿ ಮಾಡಿದರು, ಹಣ ರಸ್ತೆಗೇ ಹೋಯಿತು.

ಇಂಥದ್ದೇ ಇನ್ನೊಂದು "94 ಸಲ ತೆರಿಗೆ ಇಳಿಸಿದರು" ಎಂಬ ಮಾತು. ಸಂಖ್ಯೆಯಿಂದ ಮೊತ್ತ ತಿಳಿಯುವುದಿಲ್ಲ. ಒಂದು ಸಣ್ಣ ವಿನಾಯಿತಿಗೂ ಒಂದು ಎಣಿಕೆ, 1997ರ 9 ಕೋಟಿ ಡಾಲರ್ ವರಮಾನ ತೆರಿಗೆ ಕಡಿತಕ್ಕೂ ಒಂದೇ ಎಣಿಕೆ. ರಾಜ್ಯದ ಹಣಕಾಸು ಇಲಾಖೆಯ ಲೆಕ್ಕದಲ್ಲಿ ತೊಂಬತ್ತು ಕಡಿತಗಳ ಮೊತ್ತ ಸುಮಾರು 37.8 ಕೋಟಿ ಡಾಲರ್, ಇಪ್ಪತ್ತೊಂದು ಏರಿಕೆಗಳ ಮೊತ್ತ ಸುಮಾರು 88.3 ಕೋಟಿ. ನಿವ್ವಳ ಏರಿಕೆ ಐವತ್ತು ಕೋಟಿಗೂ ಮಿಕ್ಕಿ. ಈ ಅಂಕಿಯನ್ನು ನಮ್ಮ ಕಡತದ ಮೊದಲ ಪುಟದಲ್ಲೇ ಹಾಕಬೇಕು ಎಂಬುದು ನನ್ನ ನಿಲುವು. ಎದುರಿನವರು ಹೇಗೂ ತರುತ್ತಾರೆ. ನಾವೇ ಮೊದಲು ಹೇಳಿ, ಅದರಲ್ಲಿ ಶಾಲೆಗಳ ತೀರ್ಪಿನ ಪಾಲು ದೊಡ್ಡದು ಎಂದು ತೋರಿಸಿದರೆ ಕೇಳುಗ ಮುಂದಿನ ಸಾಲನ್ನೂ ಓದುತ್ತಾನೆ.

ಕ್ಲಬ್ ಫಾರ್ ಗ್ರೋತ್‌ನ ಜಾಹೀರಾತಿನಲ್ಲಿದ್ದದ್ದು 2003ರ ಮೇ ತಿಂಗಳ ಭಾಷಣದ ತುಣುಕು. ತಂಬಾಕು ತೆರಿಗೆ ಆಗಬಹುದು, ಸರ್‌ಚಾರ್ಜ್ ಆಗಬಹುದು ಎಂದು ಹಕಬಿ ಒಂದೊಂದಕ್ಕೂ ತಲೆಯಾಡಿಸುತ್ತಾ ಹೋಗುತ್ತಾರೆ. ನೋಡಲು ಮುಜುಗರವೇ. "ತುಣುಕು ತಿರುಚಿದ್ದು" ಎಂದು ಕೂಗುವುದು ದುರ್ಬಲ ಉತ್ತರ, ಮಾತು ಅವರದ್ದೇ. ಹಿನ್ನೆಲೆ ಕೊಡಬೇಕು: ಬಜೆಟ್ ಹೊಂದದೆ ವಿಶೇಷ ಅಧಿವೇಶನ ಕರೆಯಬೇಕಾಗಿ ಬಂದಿತ್ತು, ರಾಜ್ಯ ಕೊರತೆ ಬಜೆಟ್ ನಡೆಸುವಂತಿಲ್ಲ, ಶಾಸಕಾಂಗ ಎದುರು ಪಕ್ಷವಾದ ಡೆಮಾಕ್ರಟರ ಕೈಯಲ್ಲಿತ್ತು. ಆ ವರ್ಷ ಬಂದ 3% ಸರ್‌ಚಾರ್ಜನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಅದು ವರಮಾನದ ಮೇಲೆ 3% ಅಲ್ಲ, ಕಟ್ಟಬೇಕಾದ ತೆರಿಗೆಯ ಮೇಲೆ 3%. ಸಾವಿರ ಡಾಲರ್ ತೆರಿಗೆ ಕಟ್ಟುವವನಿಗೆ ಮೂವತ್ತು ಡಾಲರ್ ಹೆಚ್ಚು, ಅದೂ ತಾತ್ಕಾಲಿಕ, 2005ರಲ್ಲಿ ತೆಗೆದುಹಾಕಲಾಯಿತು. 75 ಮತ ಬೇಕಾದ ಕಡೆ ಡೆಮಾಕ್ರಟರ ಬಲವೊಂದೇ ಸಾಲದು. ಯಾರು ಹೇಗೆ ಮತ ಹಾಕಿದರು ಎಂಬ ದಾಖಲೆಯಾದ ರೋಲ್ ಕಾಲ್ ತರಿಸಿ ಸ್ವಪಕ್ಷದ ಯಾರ್ಯಾರು ಕೈಯೆತ್ತಿದರು ಎಂದು ನೋಡಬೇಕು. ಹೆಸರು ಎಳೆದು ಅವಮಾನಿಸುವುದು ಉದ್ದೇಶವಲ್ಲ. ಆ ಶಾಸಕರಲ್ಲೇ ಒಬ್ಬರು ಮುಂದೆ ಬಂದು ವಿವರಿಸಿದರೆ ಹೊರಗಿನವರ ಹತ್ತು ಲೇಖನಕ್ಕಿಂತ ಹೆಚ್ಚು ತೂಕ.

"ಹಾಗಾದರೆ ವೀಟೊ ಮಾಡಬಹುದಿತ್ತಲ್ಲ?" ಎಂದು ಕೇಳುವವರಿಗೆ ಅರ್ಕಾನ್ಸಾಸ್‌ನ ನಿಯಮ ಗೊತ್ತಿರುವುದಿಲ್ಲ. ಅಲ್ಲಿ ವೀಟೊ ಮುರಿಯಲು ಸರಳ ಬಹುಮತ ಸಾಕು, ಕೆಳಮನೆಯಲ್ಲಿ 51, ಸೆನೆಟ್‌ನಲ್ಲಿ 18. ಮಸೂದೆ ಪಾಸು ಮಾಡಿದವರೇ ಮತ್ತೊಮ್ಮೆ ಕೈಯೆತ್ತಿದರೆ ಮುಗಿಯಿತು. ರಾಮ್ನಿ ಕಡೆಯವರು ಮ್ಯಾಸಚೂಸೆಟ್ಸ್‌ನಲ್ಲಿ ತಮ್ಮವರು ಗವರ್ನರ್ ಆಗಿ 800ಕ್ಕೂ ಹೆಚ್ಚು ವೀಟೊ ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದರು. ಅಲ್ಲಿ ಮೂರನೇ ಎರಡರಷ್ಟು ಮತ ಬೇಕಿದ್ದರೂ ಬಹುಪಾಲು ಮುರಿದುಬಿದ್ದವು. ವೀಟೊ ಎಣಿಕೆಯನ್ನು ರಾಜ್ಯದಿಂದ ರಾಜ್ಯಕ್ಕೆ ಹೋಲಿಸಬಾರದು ಎನ್ನಲು ಇದಿಷ್ಟೇ ಸಾಕು.

ಖರ್ಚಿನ ಆರೋಪಕ್ಕೆ ಹೆಚ್ಚು ಹೊತ್ತು ಬೇಡ. ಟೀಕಾಕಾರರ ಒಟ್ಟು ಅಂಕಿಯಲ್ಲಿ ಕೇಂದ್ರ ಸರ್ಕಾರದ ಹಣ ಸೇರಿದೆಯೇ ಎಂದು ಮೊದಲು ನೋಡಬೇಕು. 1997ರ ಮಕ್ಕಳ ಆರೋಗ್ಯ ಯೋಜನೆ ಎಆರ್‌ಕಿಡ್ಸ್ ಫಸ್ಟ್ ಮೆಡಿಕೇಡ್ ಮೂಲಕ ನಡೆದದ್ದು. ಅರ್ಕಾನ್ಸಾಸ್‌ನಂಥ ಬಡ ರಾಜ್ಯಕ್ಕೆ ಮೆಡಿಕೇಡ್ ವೆಚ್ಚದ ಹತ್ತಿರ ಹತ್ತಿರ ಮುಕ್ಕಾಲು ಪಾಲು ಬರುವುದು ವಾಷಿಂಗ್ಟನ್‌ನಿಂದ. ಆಮೇಲೆ ಬೆಲೆಯೇರಿಕೆ, ಜನಸಂಖ್ಯೆ ಕಳೆದು ತಲಾ ಲೆಕ್ಕಕ್ಕೆ ತಂದು ಅದೇ ವರ್ಷಗಳ ನೆರೆರಾಜ್ಯಗಳ ಜೊತೆ ಇಡಬೇಕು. ಆರಂಭದ ವರ್ಷವನ್ನು ಅನುಕೂಲಕ್ಕೆ ತಕ್ಕಂತೆ ಜರುಗಿಸಿದರೆ ಯಾರಾದರೂ ಹಿಡಿದೇ ಹಿಡಿಯುತ್ತಾರೆ.

ಕ್ಷಮಾದಾನದ ವಿಷಯಕ್ಕೆ ಅಂಕಿಗಿಂತ ವಿಂಗಡಣೆ ಮುಖ್ಯ. ರಾಮ್ನಿ ಜಾಹೀರಾತಿನ 1,033ರಲ್ಲಿ ಅಪರಾಧದ ಕಳಂಕ ತೆಗೆಯುವ ಕ್ಷಮಾದಾನವೂ ಜೈಲಿನ ಅವಧಿ ಇಳಿಸಿದ ಶಿಕ್ಷೆ ಕಡಿತವೂ ಒಟ್ಟಿಗೆ ಸೇರಿವೆ. ಅವಧಿಗೆ ಮುಂಚೆ ಷರತ್ತಿನ ಮೇಲೆ ಬಿಡುವ ಪೆರೋಲ್ ಮೂರನೆಯ ಸಂಗತಿ, ಅದು ಪೆರೋಲ್ ಮಂಡಳಿಯ ಕೈಯಲ್ಲಿ. ಪೆರೋಲ್ ಮೇಲೆ 1999ರಲ್ಲಿ ಬಿಡುಗಡೆಯಾದ ಅತ್ಯಾಚಾರ ಕೈದಿಯೊಬ್ಬ ಮಿಸೌರಿಗೆ ಹೋಗಿ ಕೊಲೆ ಮಾಡಿದ ಪ್ರಕರಣದಲ್ಲಿ "ಮಂಡಳಿ ಬಿಟ್ಟದ್ದು" ಎಂಬುದು ಅರ್ಧ ಸತ್ಯ. ಹಕಬಿ 1996ರಲ್ಲಿ ಅವನ ಶಿಕ್ಷೆ ಇಳಿಸುವ ಇಂಗಿತವನ್ನು ಬಹಿರಂಗವಾಗಿಯೇ ಹೇಳಿದ್ದರು, ಮಂಡಳಿಯ ಜೊತೆ ಮುಚ್ಚಿದ ಬಾಗಿಲ ಸಭೆಯಲ್ಲೂ ಕೂತಿದ್ದರು. ಇದನ್ನು ಸಮರ್ಥಿಸಲು ಹೊರಟರೆ ಉಳಿದ ಸಾವಿರ ಪ್ರಕರಣಗಳ ಸಮರ್ಥನೆಯೂ ಇದರ ಜೊತೆ ಮುಳುಗುತ್ತದೆ. ತೀರ್ಮಾನ ತಪ್ಪಾಯಿತು ಎಂದು ಬರೆದು ಮುಂದೆ ಹೋಗಬೇಕು.

ಕೊನೆಯದು ವಲಸೆ. ಪೋಷಕರ ಜೊತೆ ದಾಖಲೆಪತ್ರವಿಲ್ಲದೆ ಬಂದ ಮಕ್ಕಳು ರಾಜ್ಯದ ಶಾಲೆಯಲ್ಲೇ ಓದಿದ್ದರೆ ಕಾಲೇಜಿನಲ್ಲಿ ಸ್ಥಳೀಯರ ಶುಲ್ಕ ಮತ್ತು ವಿದ್ಯಾರ್ಥಿವೇತನದ ಅರ್ಹತೆ ಕೊಡುವ ಮಸೂದೆಗೆ 2005ರಲ್ಲಿ ಹಕಬಿ ಬೆಂಬಲ ಕೊಟ್ಟರು. ರಾಮ್ನಿ ಇಂಥದ್ದನ್ನೇ ತಮ್ಮ ರಾಜ್ಯದಲ್ಲಿ ವೀಟೊ ಮಾಡಿದ್ದರು. ಇಲ್ಲಿ ವಿಂಗಡಿಸಲು ಅಂಕಿಯಿಲ್ಲ, ಹೊರಿಸಲು ಕೋರ್ಟಿಲ್ಲ, ಶಾಸಕಾಂಗವೂ ಇಲ್ಲ. ಅಪ್ಪ ಅಮ್ಮ ಮಾಡಿದ್ದಕ್ಕೆ ಮಕ್ಕಳನ್ನು ಶಿಕ್ಷಿಸಬಾರದು ಎಂದು 2007ರ ನವೆಂಬರ್‌ನ ಚರ್ಚೆಯಲ್ಲಿ ಅವರೇ ಹೇಳಿದರು. ಕಡತದಲ್ಲೂ ಅಷ್ಟೇ ಬರೆಯಬೇಕು. ಮಸೂದೆ ಸೆನೆಟ್‌ನಲ್ಲಿ ಬಿದ್ದುಹೋಯಿತು ನಿಜ. ಆದರೆ "ಕಾನೂನೇ ಆಗಲಿಲ್ಲವಲ್ಲ" ಎಂದು ನುಣುಚಿಕೊಳ್ಳುವಂತಿಲ್ಲ, ಬೆಂಬಲಿಸಿದ್ದು ಐದನೇ ಕಾಲಂನಲ್ಲಿ ಇದೆ.