ಮೋರಿ ಕಟ್ಟೆಯ ಹಳೇ ಗುರುತಿನಿಂದ ಲೆವೆಲ್ ತಂದದ್ದು

ಕೆರೆ ಕೋಡಿ, ಚರಂಡಿ, ಕಾಲುವೆ ಇಂಥವಕ್ಕೆ ಲೆವೆಲ್ ತೆಗೆಯುವುದು, ಅಂದರೆ ಯಾವ ಜಾಗ ಎಷ್ಟು ಎತ್ತರದಲ್ಲಿದೆ ಅಂತ ಅಳೆಯುವುದು, ನನ್ನ ಕೆಲಸ. ಸೈಟಿನಲ್ಲೇ ಯಾವುದೋ ಒಂದು ಕಲ್ಲಿಗೆ 100.000 ಮೀಟರ್ ಎತ್ತರ ಅಂತ ಅಂದಾಜಿಗೆ ಕೊಟ್ಟು ಶುರು ಮಾಡುವವರೇ ಜಾಸ್ತಿ. ಒಂದು ಮನೆ ಪಾಯಕ್ಕೆ ಅದು ಸಾಕು. ಆದರೆ ನೀರಾವರಿಯವರ ಹಳೇ ನಕ್ಷೆಯನ್ನೂ ಪಕ್ಕದ ಊರಿನ ನಕ್ಷೆಯನ್ನೂ ನಮ್ಮದಕ್ಕೆ ಹೊಂದಿಸಬೇಕಾದಾಗ ಆ ನೂರು ಯಾವ ಲೆಕ್ಕಕ್ಕೂ ಬರುವುದಿಲ್ಲ. ಎಲ್ಲರಿಗೂ ಒಂದೇ ಸೊನ್ನೆ ಬೇಕು. ಅದಕ್ಕೇ ನಾನು ಜಿ.ಟಿ.ಎಸ್. ಗುರುತು, ಅಂದರೆ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ ಎಂಬ ಹಳೇ ಸರ್ವೆಯ ಹೆಸರಿನ ಎತ್ತರದ ಗುರುತು, ಹುಡುಕಿಕೊಂಡು ಹೋಗುವುದು.

ಗುರುತು ನೋಡಲು ಏನೂ ವಿಶೇಷ ಇಲ್ಲ. ಕಲ್ಲಿನ ಮೇಲೆ ಕೆತ್ತಿದ ಒಂದು ಸಣ್ಣ ಚೌಕ, ಜೊತೆಗೆ ಜಿ.ಟಿ.ಎಸ್., ಬಿ.ಎಂ. (ಬೆಂಚ್ ಮಾರ್ಕ್) ಎಂಬ ಇಂಗ್ಲಿಷ್ ಅಕ್ಷರ. ಮೋರಿಯ ತಡೆಗೋಡೆ, ಸೇತುವೆ, ಹಳೇ ಕಟ್ಟಡದ ಮೆಟ್ಟಿಲು, ಅಲುಗಾಡದ ಬಂಡೆ, ಇಂಥ ಕಡೆ ಇರುತ್ತದೆ. ಇದರ ಎತ್ತರ ಎಣಿಸುವುದು ಸಮುದ್ರದ ಸರಾಸರಿ ಮಟ್ಟದಿಂದ. ಆ ಮಟ್ಟ ಗೊತ್ತುಮಾಡಲು ಒಂಬತ್ತು ಬಂದರುಗಳಲ್ಲಿ ಉಬ್ಬರ ಇಳಿತ ಅಳೆದಿದ್ದರು. ನಮ್ಮ ಕಾರವಾರವೂ ಅದರಲ್ಲಿ ಒಂದು. ಇಡೀ ದೇಶದ ಲೆಕ್ಕ ಒಂದಕ್ಕೊಂದು ಹೊಂದಿಸಿ ಮುಗಿಸಿದ್ದು 1909ರಲ್ಲಿ.

ಇಂಗ್ಲೆಂಡಿನಲ್ಲಿ ಈ ಗುರುತನ್ನು ಗೋಡೆಯಲ್ಲೇ ಕೊರೆಯುತ್ತಿದ್ದರು. ಒಂದು ಅಡ್ಡಗೆರೆ, ಅದರ ಕೆಳಗೆ ಬಾಣ. ಗೋಡೆಯ ಮೈಯಲ್ಲಿ ಸ್ಟಾಫ್ (ಅಳತೆ ಬರೆದ ಉದ್ದನೆಯ ಕೋಲು) ನಿಲ್ಲುವುದಿಲ್ಲವಲ್ಲ, ಅದಕ್ಕೆ ಆ ಗೆರೆಯೊಳಗೆ ಒಂದು ಕಬ್ಬಿಣದ ಪಟ್ಟಿ ತೂರಿಸಿ ಅದರ ಮೇಲೆ ಇಡುತ್ತಿದ್ದರು. ನಮ್ಮದು ಮಟ್ಟಸವಾದ ಕಲ್ಲಿನ ಮೇಲಿರುವುದರಿಂದ ಆ ರಗಳೆ ಇಲ್ಲ. ಚೌಕದ ನಡುವೆ ನೇರವಾಗಿ ನಿಲ್ಲಿಸಿದರಾಯಿತು.

ನೆಲದ ಏರಿಳಿತ ತೋರಿಸುವ ಸರ್ವೆ ನಕ್ಷೆ, ಅಂದರೆ ಟೋಪೋಶೀಟ್‌ನಲ್ಲಿ ಬಿ.ಎಂ. ಅಂತ ಬರೆದು ಪಕ್ಕದಲ್ಲಿ ಎತ್ತರ ಕೊಟ್ಟಿರುತ್ತಾರೆ. ಅದು ಹುಡುಕುವುದಕ್ಕೆ ಮಾತ್ರ. ಕೆಲಸಕ್ಕೆ ಬೇಕಾದ ಪಕ್ಕಾ ಅಂಕಿ ಸರ್ವೆ ಆಫ್ ಇಂಡಿಯಾದ ಪಟ್ಟಿಯಿಂದಲೇ ಬರಬೇಕು. ಹಳೇ ಪಟ್ಟಿ ಆದರೆ ಅಡಿಯಲ್ಲಿರುತ್ತದೆ, ಹುಷಾರು. ಜಾಗದ ವಿವರದಲ್ಲಿ ಮೈಲಿಕಲ್ಲಿನ ಲೆಕ್ಕ ಇದ್ದರೆ ಇನ್ನೂ ಕಷ್ಟ. ಆ ಮೈಲಿಕಲ್ಲೇ ಈಗ ಇರುವುದಿಲ್ಲ.

ಹೀಗೆ ಒಂದು ಮೋರಿ ಹತ್ತಿರ ಬಗ್ಗಿ ಹುಡುಕುತ್ತಿದ್ದಾಗ ಎದುರಿನ ಅಂಗಡಿಯ ಯಜಮಾನರು ಬಂದರು. "ರೋಡ್ ಅಗಲ ಮಾಡ್ತೀರಾ ಸಾರ್? ನಮ್ ಅಂಗಡಿ ಹೋಗುತ್ತಾ?" ಇಲ್ಲ ಯಜಮಾನ್ರೇ, ಕಲ್ಲು ಹುಡುಕ್ತಿದ್ದೀನಿ ಅಂದೆ. ಮುಖ ಸಡಿಲವಾಯಿತು. "ಅಕ್ಷರ ಇರೋ ಕಲ್ಲಾ? ಅದರ ಮೇಲೇ ಅಲ್ವಾ ನಾವು ದಿನಾ ಕೂರೋದು" ಅಂತ ಕರೆದುಕೊಂಡು ಹೋಗಿ ತೋರಿಸಿದರು. ನಕ್ಷೆ ಬಿಚ್ಚುವ ಮೊದಲು ಊರಿನವರನ್ನು ಕೇಳುವುದೇ ವಾಸಿ.

ತಡೆಗೋಡೆಗೆ ವರ್ಷ ವರ್ಷ ಬಳಿದ ಕಪ್ಪು ಬಿಳುಪು ಬಣ್ಣ ಅಕ್ಷರದೊಳಗೆ ತುಂಬಿಕೊಂಡಿತ್ತು. ಉಳಿ, ತಂತಿ ಬ್ರಷ್ ಹಾಕಬಾರದು, ಅಂಚು ಸವೆಯುತ್ತದೆ. ನೀರು ಹಾಕಿ ಪೊರಕೆ ಕಡ್ಡಿಯಲ್ಲಿ ನಿಧಾನಕ್ಕೆ ಕೆದಕಿದೆವು. ಓದಲು ಇನ್ನೊಂದು ಉಪಾಯ ಇದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿದ ಹಾಗೆ ಅಡ್ಡಡ್ಡ ಹಿಡಿಯಬೇಕು. ಹಗಲು ಕಾಣದ ಕೆತ್ತನೆ ನೆರಳಿನಲ್ಲಿ ಎದ್ದು ಬರುತ್ತದೆ.

ಲೆಕ್ಕ ಸುಲಭ. ಪಟ್ಟಿಯಲ್ಲಿ 2993.25 ಅಡಿ ಅಂತಿದ್ದರೆ 0.3048ರಿಂದ ಗುಣಿಸಿ, 912.343 ಮೀಟರ್. ಗುರುತಿನ ಮೇಲೆ ನಿಲ್ಲಿಸಿದ ಸ್ಟಾಫನ್ನು ಲೆವೆಲ್ ಯಂತ್ರದಲ್ಲಿ ನೋಡಿ ಓದಿದ ಅಂಕಿ, ಅಂದರೆ ಬ್ಯಾಕ್ ಸೈಟ್, 1.275 ಬಂದರೆ ಅದನ್ನು ಕೂಡಿಸಿ, ಯಂತ್ರದ ಎತ್ತರ 913.618. ಮುಂದಿನ ಕಲ್ಲಿನ ಮೇಲೆ ಓದಿದ ಅಂಕಿ, ಅಂದರೆ ಫೋರ್ ಸೈಟ್, 1.860 ಬಂದರೆ ಅದನ್ನು ಕಳೆದು, ಆ ಕಲ್ಲಿನ ಎತ್ತರ 911.758. ಹೀಗೇ ಮುಂದೆ. ಯಂತ್ರವನ್ನು ಎರಡು ಸ್ಟಾಫ್‌ಗಳ ನಡುವೆ ಸಮ ದೂರದಲ್ಲಿ ಇಡಬೇಕು. ಆಗ ಯಂತ್ರದ ನೋಟದ ಗೆರೆ ಚೂರು ಓರೆಯಿದ್ದರೂ ಹಿಂದೆ ಮುಂದೆ ಒಂದೇ ಅಳತೆಯ ತಪ್ಪು ಬಂದು ಹೊಡೆದುಹೋಗುತ್ತದೆ.

ನಿಜವಾದ ತಲೆನೋವು ಬೇರೆ. ಕಲ್ಲು ಇದೆ, ಅಕ್ಷರ ಇದೆ, ಆದರೆ ಕಲ್ಲು ತನ್ನ ಜಾಗದಲ್ಲೇ ಇದೆಯಾ? ಮೋರಿ ಒಡೆದು ಕಟ್ಟುವಾಗ ಹಳೇ ಚಪ್ಪಡಿ ಚೆನ್ನಾಗಿದೆ ಅಂತ ಮೇಸ್ತ್ರಿ ಅದನ್ನೇ ಹೊಸ ಗೋಡೆಯ ಮೇಲೆ ಕೂರಿಸಿರುತ್ತಾನೆ. ಗುರುತು ಹಾಗೇ ಇರುತ್ತದೆ, ಎತ್ತರ ಮಾತ್ರ ಸುಳ್ಳು. ನಾನು ಮೊದಲು ನೋಡುವುದು ಗಾರೆ. ಉಳಿದ ಗೋಡೆಯೆಲ್ಲ ಸುಣ್ಣದ ಗಾರೆ, ಈ ಕಲ್ಲಿನ ಸುತ್ತ ಮಾತ್ರ ಸಿಮೆಂಟ್ ಅಂದರೆ ಅನುಮಾನ.

ಹಾಗಾಗಿ ಒಂದೇ ಗುರುತಿನಿಂದ ನಾನು ಯಾವತ್ತೂ ಲೆವೆಲ್ ತರುವುದಿಲ್ಲ. ಎರಡನೆಯದಕ್ಕೆ ಹೋಗಿ ಮುಟ್ಟಿಸುತ್ತೇನೆ. ಎರಡರ ನಡುವಿನ ವ್ಯತ್ಯಾಸ ಪಟ್ಟಿಯ ಜೊತೆ ತಾಳೆಯಾಗಬೇಕು. ಸಾಧಾರಣ ಕೆಲಸಕ್ಕೆ ನಾನು ಒಪ್ಪುವ ತಪ್ಪು ಕಿಲೋಮೀಟರಿನ ವರ್ಗಮೂಲಕ್ಕೆ 12 ಮಿಲಿಮೀಟರ್, ಅಂದರೆ 4 ಕಿ.ಮೀ.ಗೆ 24 ಮಿ.ಮೀ. ಆ ಅಂಗಡಿ ಮುಂದಿನ ಕಲ್ಲು 31 ಸೆಂಟಿಮೀಟರ್ ಹೆಚ್ಚು ತೋರಿಸಿತು. ಯಾವುದು ಕೆಟ್ಟಿದ್ದು ಅಂತ ಎರಡೇ ಕಲ್ಲಿನಿಂದ ಹೇಳಲಾಗುವುದಿಲ್ಲ. ಮೂರನೆಯದು ಒಂದು ಬಂಡೆಯ ಮೇಲಿತ್ತು. ಅದು ಎರಡನೆಯದರ ಜೊತೆ ಸರಿಹೋಯಿತು. ಯಜಮಾನರು ಕೂರುವ ಕಲ್ಲನ್ನು ಪುಸ್ತಕದಲ್ಲಿ ಹೊಡೆದುಹಾಕಿದೆ.

ಇಷ್ಟೆಲ್ಲ ಯಾಕೆ, ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲೇ ಸಮುದ್ರ ಮಟ್ಟ ಬರೆದಿದೆಯಲ್ಲ ಅಂತ ಹುಡುಗರು ಕೇಳುತ್ತಾರೆ. ಅದು ಪ್ಲಾಟ್‌ಫಾರಂನ ಎತ್ತರವೋ ಹಳಿಯದೋ ಬೋರ್ಡು ನೋಡಿ ಹೇಳಲಾಗುವುದಿಲ್ಲ. ಜಿ.ಪಿ.ಎಸ್. ಕೊಡುವುದು ಭೂಮಿಯ ಲೆಕ್ಕದ ಆಕಾರದಿಂದ ಎಣಿಸಿದ ಎತ್ತರ. ಬೆಂಗಳೂರಿನ ಕಡೆ ಅದು ಸಮುದ್ರ ಮಟ್ಟದ ಲೆಕ್ಕಕ್ಕಿಂತ ಸುಮಾರು 85 ಮೀಟರ್ ಕಡಿಮೆ ಬರುತ್ತದೆ. ತಿದ್ದಿಕೊಳ್ಳುವ ದಾರಿ ಇದೆ, ಆದರೆ ಚರಂಡಿಯ ಇಳಿಜಾರಿಗೆ ನಾನು ಕಲ್ಲನ್ನೇ ನಂಬುತ್ತೇನೆ.

ತಾಳೆಯಾದ ಮೇಲೆ ಅದೇ ದಿನ ಊರೊಳಗೆ ಎರಡು ಮೂರು ಟಿ.ಬಿ.ಎಂ., ಅಂದರೆ ತಾತ್ಕಾಲಿಕ ಬೆಂಚ್ ಮಾರ್ಕ್, ಮಾಡುತ್ತೇನೆ. ಕರೆಂಟ್ ಕಂಬದ ಬುಡ, ಹೊಸ ಕಾಂಪೌಂಡು ಬೇಡ. ದೇವಸ್ಥಾನದ ಜಗಲಿ, ಶಾಲೆಯ ಮೆಟ್ಟಿಲು ಒಳ್ಳೆಯದು. ಫೋಟೋ ತೆಗೆದು, ಕೈನಕ್ಷೆ ಬರೆದು, ಸ್ಟಾಫ್ ಇಟ್ಟ ಮೂಲೆ ಯಾವುದು ಅಂತ ಬರೆದು ಪಂಚಾಯ್ತಿ ಇಂಜಿನಿಯರ್ ಕೈಗೆ ಕೊಡುತ್ತೇನೆ. ರಸ್ತೆ ಅಗಲ ಮಾಡುವವರು ಬಂದಾಗ ಮೊದಲು ಹೋಗುವುದು ಮೋರಿ ಕಟ್ಟೆಯೇ.