ಸ್ಟ್ರೋಕ್ ಆದವರನ್ನು ಎಬ್ಬಿಸಿ ಕೂರಿಸುವುದು, ಅಂಗಿ ತೊಡಿಸುವುದು

ಎಬ್ಬಿಸಿ ಕೂರಿಸಲು ಡಾಕ್ಟರ್ ಒಪ್ಪಿದ ಮೇಲೆ ಒಂದೇ ಸಲ ತುಂಬಾ ಹೊತ್ತು ಕೂರಿಸಬೇಡಿ. ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ ಸಾಕು.

ಎಲ್ಲರೂ ಮಾಡುವ ತಪ್ಪು ಒಂದೇ: ಬಲವಿಲ್ಲದ ಕೈ ಹಿಡಿದು ಎಳೆಯುವುದು. ಆ ಭುಜದ ಸ್ನಾಯುಗಳು ಸಡಿಲವಾಗಿರುವುದರಿಂದ ಕೀಲು ಜಾರಬಹುದು, ಆಮೇಲೆ ನೋವು ತಿಂಗಳುಗಟ್ಟಲೆ ಕಾಡಬಹುದು. ಬದಲಿಗೆ ಎರಡೂ ಮೊಣಕಾಲು ಮಡಚಿಸಿ, ಸರಿಯಿರುವ ಮಗ್ಗುಲಿಗೆ ಹೊರಳಿಸಿ. ಸೋತ ಕೈ ಹಿಂದೆ ಉಳಿಯದಂತೆ ಎದೆಯ ಮುಂದಕ್ಕೆ ತನ್ನಿ. ಕಾಲುಗಳನ್ನು ಮಂಚದಿಂದ ಕೆಳಗಿಳಿಸಿ, ಒಂದು ಕೈ ಬೆನ್ನಿನ ಮೇಲ್ಭಾಗಕ್ಕೆ, ಅಂದರೆ ಭುಜದ ಮೂಳೆಯ ಹಿಂದೆ, ಇನ್ನೊಂದು ಸೊಂಟಕ್ಕೆ ಕೊಟ್ಟು ಎಬ್ಬಿಸಿ. ಅವರು ಸರಿಯಿರುವ ಮೊಣಕೈ ಊರಿ ತಾವೂ ಒತ್ತಲಿ. ಪಾದಗಳು ನೆಲಕ್ಕೆ ಪೂರ್ತಿ ತಾಗಿರಬೇಕು. ತಲೆಸುತ್ತು ಬಂದರೆ ತಕ್ಷಣ ಮಲಗಿಸಿ.

ಕೂತಾಗ ಸೋತ ಕೈ ಜೋತುಬೀಳಬಾರದು. ಮಡಿಲಲ್ಲಿ ದಿಂಬಿಟ್ಟು ಅದರ ಮೇಲಿಡಿ.

ಅಂಗಿ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಮುಂದೆ ಗುಂಡಿಯಿರುವ ಸಡಿಲ ಅಂಗಿಯೇ ಅನುಕೂಲ. ಅಂಗಿಯ ತೋಳನ್ನು ಭುಜದವರೆಗೆ ಏರಿಸಿದ ಮೇಲೆಯೇ ಇನ್ನೊಂದು ಕೈ ತೂರಿಸಿ, ಇಲ್ಲದಿದ್ದರೆ ಬಟ್ಟೆ ಮೊಣಕೈಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನಿಧಾನವಾದರೂ ಗುಂಡಿ ಅವರೇ ಹಾಕಿಕೊಳ್ಳಲಿ, ಅದೂ ವ್ಯಾಯಾಮವೇ.

ಸರಿಯಾಗಿ ನುಂಗಬಲ್ಲರೇ ಎಂದು ನೋಡುವ ಪರೀಕ್ಷೆ ಆಗುವವರೆಗೆ ಬಾಯಿಗೆ ನೀರನ್ನೂ ಹಾಕಬೇಡಿ.